ಹುಣಸೆಹುಳಿ ತಾಗಿದ ಚಿಪ್ಪು

"ವಂದನಾ, ಅಮ್ಮ ಇವತ್ತ ಸಂಜೀಕ ನಿಮ್ಮನಿಗಿ ಬರ್ಲಿಕತ್ತಾಳ. ಶೋಕೇಸಿನ್ಯಾಗ ಚಿಪ್ಪಿಲ್ಲಾಂತ ಗೊತ್ತಾಗೇದ. ಯಾರಿಗಿ ಕೊಟ್ಟೀಯೋ ಅಕಿನ್ನ ನೋಡಬೇಕಂತ ಹಟ ಹಿಡದಾಳ!"

ಫೋನಿನಲ್ಲಿ ರಘುವೀರ ನಗುತ್ತಿದ್ದ. ವಂದನಾಳ ಕೈಗೆ ಹುಣಸೆಹುಳಿ ಮೆತ್ತಿತ್ತು. ಸೇಡಂನ ಅವಳ ಮನೆಯ ಹಿತ್ತಲಲ್ಲಿ, ದೇವರ ತಾಮ್ರದ ತಂಬಿಗೆಗಳ ಪಕ್ಕದಲ್ಲಿ ಅದೇ ಚಿಪ್ಪು ಬಿಸಿಲಿಗೆ ಕೂತಿತ್ತು.

ತೆಂಗಿನಕಾಯಿಗಿಂತ ದೊಡ್ಡದಾದ ಸಮುದ್ರದ ಚಿಪ್ಪು. ರಘುವೀರನ ತೀರಿಹೋದ ತಂದೆ ರಾಮೇಶ್ವರದಿಂದ ತಂದದ್ದು. "ಸಮುದ್ರ ನೋಡಿಲ್ಲ ಅಂದ್ರಲ್ಲ, ಮೊದಲ ಕೇಳ್ರಿ" ಎಂದು ಮಳಖೇಡದ ಬಸ್ಸಿನಲ್ಲಿ ಅವನು ಅದನ್ನು ವಂದನಾಳ ಕಿವಿಗೆ ಹಿಡಿದಾಗ ಅವಳಿಗೆ ಕೇಳಿಸಿದ್ದು ತನ್ನದೇ ಎದೆಬಡಿತ. ಚಿಪ್ಪು ಹಿಡಿಯುವ ನೆಪದಲ್ಲಿ ಅವನು ಅವಳ ಜುಮುಕಿ ನೋಡುತ್ತಿದ್ದ. ಗೊತ್ತಿದ್ದೂ ಅವಳು ಮುಖ ತಿರುಗಿಸಲಿಲ್ಲ.

ಚಿಪ್ಪಿನ ಅಗಲ ತುಟಿ ಕಿತ್ತಳೆ ಬಣ್ಣದ್ದು, ಬಲು ನುಣುಪು. ಇನ್ನಷ್ಟು ಹೊಳೆಯಲಿ ಎಂದು ತಂಬಿಗೆಗೆ ಹಚ್ಚುವ ಹುಳಿಯನ್ನೇ ಅದಕ್ಕೂ ಬಳಿದು ಬಿಸಿಲಿಗೆ ಬಿಟ್ಟಿದ್ದಳು. ಫೋನಿಟ್ಟು ತೊಳೆದಳು. ತಂಬಿಗೆಗಳು ಫಳಫಳ ಹೊಳೆದವು. ಚಿಪ್ಪಿನ ತುಟಿ ಮಾತ್ರ ಸುಣ್ಣ ಬಳಿದಂತೆ ಬೆಳ್ಳಗೆ ಮಂಕಾಗಿತ್ತು.

ಸಿಮೆಂಟ್ ಫ್ಯಾಕ್ಟರಿಯ ಲ್ಯಾಬಿನಲ್ಲಿರುವ ರಘುವೀರನೇ ಒಮ್ಮೆ ಹೇಳಿದ್ದ: "ನಮ್ಮ ಕಡೀ ಸುಣ್ಣದ ಕಲ್ಲಿಗಿ ಒಂದ್ ಹನಿ ಆ್ಯಸಿಡ್ ಬಿಟ್ರ ಬುಸ್ ಅಂತದ. ಚಿಪ್ಪೂ ಸುಣ್ಣಾನೇ ರೀ, ಹುಳಿ ತಾಗಬಾರದು." ಆಗ ಅವಳ ಗಮನವೆಲ್ಲ ಅವನ ಕೆನ್ನೆಯ ಗುಳಿಯ ಮೇಲಿತ್ತು. ಹಾಳಾದ ಗುಳಿ!

ಕೊಬ್ಬರಿ ಎಣ್ಣೆ ಸವರಿದಳು. ಹೊಳೆಯಿತು. ಎಣ್ಣೆ ಆರಿದೊಡನೆ ಮತ್ತೆ ಅದೇ ಬಿಳುಪು. ಅವನಪ್ಪನ ನೆನಪಿಗೆಂದು ಇದ್ದ ಒಂದೇ ವಸ್ತುವನ್ನೂ ಕೆಡಿಸಿದವಳನ್ನು ಅವನು ಹೇಗೆ ಮನೆತುಂಬಿಸಿಕೊಂಡಾನು?

ಸಂಜೆ ತಾಯಿ ಮಗ ಬಂದರು. ವಂದನಾಳ ತಂದೆ ಗುರುರಾಜರು "ಬರ್ರಿ, ಕುಂದ್ರಿ" ಎಂದು ಉಪಚರಿಸಿದರು. ರಘುವೀರ ಕಣ್ಣಲ್ಲೇ ಏನಾಯಿತೆಂದು ಕೇಳಿದ. ಅವಳು ಕಣ್ಣೆತ್ತಲಿಲ್ಲ.

"ಎಲ್ಲಿ ತಾಯಿ, ನಮ್ಮ ಚಿಪ್ಪು?" ಎಂದರು ರಘುವೀರನ ತಾಯಿ ಪದ್ಮಾಬಾಯಿ.

ಒಳಗೆ ಎಣ್ಣೆ ಬಟ್ಟಲು ಕೈಗೆಟುಕುವಂತಿತ್ತು. ಇನ್ನೊಮ್ಮೆ ಸವರಿದರೆ ಅವರು ಹೋಗುವ ತನಕ ಹೊಳೆದೀತು. ವಂದನಾ ಬಟ್ಟಲು ಮುಟ್ಟಿದಳು, ಬಿಟ್ಟಳು. ಚಿಪ್ಪನ್ನು ಹಾಗೆಯೇ ತಂದು ಅವರ ಕೈಗಿಟ್ಟಳು.

"ನಾನೇ ಕೆಡಿಸೀನ್ರಿ. ಹೊಳೀಲಿ ಅಂತ ಹುಣಸೀಹುಳಿ ಹಚ್ಚಿದೆ."

ರಘುವೀರನ ಮುಖ ಬಿಳಿಚಿಕೊಂಡಿತು. ಪದ್ಮಾಬಾಯಿ ಮಂಕಾದ ತುಟಿಯ ಮೇಲೆ ಬೆರಳಾಡಿಸಿದರು. ಆಮೇಲೆ ಚಿಪ್ಪಿನ ಬೆನ್ನು ತಿರುಗಿಸಿ ಮಗನಿಗೆ ತೋರಿಸಿದರು.

"ಈ ಬಿಳೀ ಕಲೆ ಏನೋ, ರಘು?"

"ಅದು ಮೊದಲಿಂದನೂ ಅದಲ್ಲಮ್ಮಾ."

"ಎಲ್ಲಿ ಮೊದಲಿಂದ! ನಾ ಮದುವ್ಯಾಗಿ ಬಂದ ಹೊಸದ್ರಾಗ ಹುಳಿಲೇ ತಿಕ್ಕಿದ್ದೆ. ಭಾಳ ಅತ್ತೆ. ನಿಮ್ಮಪ್ಪ ಒಂದ್ ಮಾತ್ ಅನ್ಲಿಲ್ಲ. ಈ ಬದಿ ಯಾರಿಗೂ ಕಾಣಬಾರದಂತ ಗ್ವಾಡಿಗಿ ತಿರುಗಿಸಿಟ್ರು. ಇರೋತನಕ ಹಂಗೇ ಇಟ್ರು." ಅವರ ಕಣ್ಣು ತುಂಬಿತ್ತು. "ಈಗ ಎರಡೂ ಬದಿ ಹೋದ್ವು. ನೀ ಯಾವುದನ್ನ ಗ್ವಾಡಿಗಿ ತಿರುಗಿಸ್ತಿ, ಹೇಳು ರಘು?"

ರಘುವೀರ ಎದ್ದು ಬಂದು ಚಿಪ್ಪನ್ನು ತೆಗೆದುಕೊಂಡು ಮತ್ತೆ ವಂದನಾಳ ಕೈಗೇ ಕೊಟ್ಟ.

"ಗ್ವಾಡಿ ಯಾಕಮ್ಮಾ? ನಡುಮನ್ಯಾಗ ಇಡೋಣು. ಇಬ್ಬರದೂ ಕಾಣ್ಲಿ."

ಅವಳ ಕಣ್ಣೀರು ಚಿಪ್ಪಿನ ಮೇಲೆ ಬಿತ್ತು. ಅವನು ದನಿ ತಗ್ಗಿಸಿದ. "ಹುಳಿ ತಾಗಬಾರದಂತ ಹೇಳಿದ್ದೆನಲ್ರಿ?"

"ಆವಾಗ ನಾ ನಿಮ್ಮನ್ನ ನೋಡ್ಲಿಕತ್ತಿದ್ದೆ" ಎಂದುಬಿಟ್ಟಳು ವಂದನಾ, ಅಪ್ಪ ಎದುರಿಗೇ ಕೂತಿರುವುದನ್ನೂ ಮರೆತು.