ಪುಟ್ಟಿಯ ಸರ್ವರ್‌ಗೆ ಬೀಗ ಹಾಕಲು ಬಂದವನು

"ನಾನು ಮನಸ್ಸು ಮಾಡಿದ್ರೆ, ಇಲ್ಲಿ ಕೂತೇ ನಿಮ್ಮ ಸರ್ವರ್ ನಿಲ್ಲಿಸಬಹುದು."

ಕಾಯುವವರ ಬೆಂಚಿನ ಮೇಲೆ, ತೊಡೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ ಅಪರಿಚಿತ ಇದನ್ನು ಗಂಟೆ ಎಷ್ಟಾಯಿತು ಎಂದು ಹೇಳುವಷ್ಟು ಸಲೀಸಾಗಿ ಹೇಳಿದ.

ಪುಟ್ಟಿಯ ಕೈಯಲ್ಲಿದ್ದ ಚಹಾದ ಲೋಟ ಬಾಯಿಯ ಹತ್ತಿರ ಹೋಗುತ್ತಿದ್ದದ್ದು ಅಲ್ಲೇ ನಿಂತಿತು.

"ಯಾರು ನೀವು?"

"ನೋಡಿ, ಪಾಸ್‌ವರ್ಡ್ ಕೂಡ ಕೇಳಲಿಲ್ಲ." ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ಅವಳ ಸರ್ವರ್‌ನ ಹೊಟ್ಟೆಯೊಳಗಿನ ಲೆಕ್ಕವೆಲ್ಲ ಅಲ್ಲಿ ಬಿಚ್ಚಿಕೊಂಡು ಕೂತಿತ್ತು. "ಇಲ್ಲಿ ಒಂದು ಸಾಲು ಬರೆದ್ರೆ ಸಾಕು, ನಿಂತು ಹೋಗುತ್ತೆ."

"ಬರೀಬೇಡಿ..." ಅವಳು ಲೋಟ ಹಿಡಿದೇ ಮುಂದೆ ಬಂದಳು. "ದಯವಿಟ್ಟು ಬೆರಳು ತೆಗೀರಿ ಅದರ ಮೇಲಿಂದ."

ಆಗ ಅವನು ಮೊದಲ ಸಲ ತಲೆಯೆತ್ತಿ ಅವಳ ಮುಖ ನೋಡಿದ. ಹೆದರಿಸಬೇಕೆಂದು ಬಂದವನಲ್ಲ ಪಾಪ. ಭದ್ರತೆ ಪರೀಕ್ಷಿಸಲು ಮೇಲಿನ ಕಚೇರಿ ಕಳಿಸಿದ ಎಂಜಿನಿಯರ್. ಹೋದಲ್ಲೆಲ್ಲ ಹೀಗೆ ತೋರಿಸಿದರೆ ಜನ ಬೇಗ ಒಪ್ಪುತ್ತಾರೆ ಎಂದು ಕಲಿತಿದ್ದ, ಅಷ್ಟೇ. ಆದರೆ ಎದುರಿಗಿದ್ದ ಹುಡುಗಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಅವನು ಲ್ಯಾಪ್‌ಟಾಪ್ ಮುಚ್ಚಿಬಿಟ್ಟ.

"ಕ್ಷಮಿಸಿ," ಎಂದ. "ಕೂತ್ಕೊಳ್ಳಿ. ಚಹಾ ಚೆಲ್ತಾ ಇದೆ."

ಅವಳು ಹೆದರಿದ್ದಕ್ಕೆ ಕಾರಣವಿತ್ತು.

ಅದು ಆಂಬುಲೆನ್ಸ್‌ಗಳ ನಿಯಂತ್ರಣ ಕಚೇರಿ. ಕರೆ ಬಂದರೆ ಯಾವ ಗಾಡಿ ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸಿ, ಚಾಲಕನ ಮುಂದಿನ ಪುಟ್ಟ ಪರದೆಗೆ ದಾರಿ ಕಳಿಸುವುದು ಒಂದು ವೆಬ್ ಅಪ್ಲಿಕೇಷನ್. ಅದು ಕೂತಿರುವ ಸರ್ವರನ್ನು ನೋಡಿಕೊಳ್ಳುವುದು ಅವಳ ಕೆಲಸ. ಸರ್ವರ್ ನಿಂತರೆ, ದಾರಿಯಲ್ಲಿರುವ ಗಾಡಿಗಳ ಪರದೆಯಿಂದ ವಿಳಾಸವೇ ಅಳಿಸಿಹೋಗುತ್ತದೆ. ಆ ಗಾಡಿಗಳಲ್ಲಿ ಒಂದನ್ನು ಓಡಿಸುವವನು ಅವಳ ಅಪ್ಪ. ಡ್ರೈವರ್ ಮಗಳೆಂದು ಕಚೇರಿಯಲ್ಲಿ ಎಲ್ಲರಿಗೂ ಅವಳು ಪುಟ್ಟಿ.

ಹಿಂದೊಮ್ಮೆ ಅವಳೇ ಏನೋ ಬದಲಾಯಿಸಲು ಹೋಗಿ ಸರ್ವರ್ ಮಲಗಿಬಿಟ್ಟಿತ್ತು. ಆಗ ಕರೆ ಕೊಠಡಿಯ ವೈರ್‌ಲೆಸ್‌ನಲ್ಲಿ ಅಪ್ಪನ ದನಿ ಬಂದಿತ್ತು. "ಗಾಡೀಲಿ ಹೆರಿಗೆ ನೋವಿನ ಹೆಣ್ಣುಮಗಳಿದಾಳೆ. ಯಾವ ಆಸ್ಪತ್ರೆಗೆ ಹೋಗ್ಲಿ? ಯಾರಾದ್ರೂ ಹೇಳ್ರಪ್ಪಾ, ಎಲ್ಲಿಗೆ ಹೋಗ್ಲಿ?"

ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಅಪ್ಪ ಕಣ್ಣಿಗೆ ಕಂಡ ಆಸ್ಪತ್ರೆಗೆ ನುಗ್ಗಿಸಿದ. ತಾಯಿ ಮಗು ಉಳಿದರು. ಆದರೆ ಆ ದನಿ ಪುಟ್ಟಿಯ ಕಿವಿಯಿಂದ ಹೋಗಲೇ ಇಲ್ಲ. ಅಂದಿನಿಂದ ಅವಳು ಸರ್ವರ್‌ನಲ್ಲಿ ಒಂದು ಚುಕ್ಕಿಯನ್ನೂ ಬದಲಾಯಿಸಿರಲಿಲ್ಲ.

ಈಗ ಇವನೊಬ್ಬ ಬಂದು ಬದಲಾಯಿಸಲೇಬೇಕು ಎನ್ನುತ್ತಿದ್ದಾನೆ!

"ಏನು ಬದಲಾಯಿಸ್ಬೇಕು?" ಎಂದು ಕೇಳಿದಳು.

"ಆ ಲೈಬ್ರರಿ."

ಲೈಬ್ರರಿ ಎಂದರೆ ಪುಸ್ತಕದ ಕಪಾಟಲ್ಲ. ಸರ್ವರ್ ಒಳಗೆ ಕೂತು, ಅದರ ನಾಡಿ ಹಿಡಿದು, ದೂರದಲ್ಲಿರುವವರಿಗೆ ಸುದ್ದಿ ಹೇಳುವ ಒಂದು ಸಣ್ಣ ತಂತ್ರಾಂಶ. ದೂರದಿಂದ ಅಪ್ಪಣೆ ಕೊಟ್ಟರೆ ಸರ್ವರನ್ನು ನಿಲ್ಲಿಸುವ ಶಕ್ತಿಯೂ ಅದಕ್ಕಿತ್ತು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಹಸಿರು ದೀಪ ಕಾಣುತ್ತಿದ್ದುದು ಅದು ಹೇಳುವ ಸುದ್ದಿಯಿಂದಲೇ. ತೊಂದರೆ ಏನೆಂದರೆ, ಇಲ್ಲಿದ್ದದ್ದು ಬಹಳ ಹಳೆಯದು. ಯಾರು ಕೇಳಿದರೂ ಹೇಳುತ್ತಿತ್ತು, ಯಾರು ಅಪ್ಪಣೆ ಕೊಟ್ಟರೂ ತಲೆಬಾಗುತ್ತಿತ್ತು.

"ಹೊಸದು ಹಾಗಲ್ಲ," ಎಂದ ಅವನು. "ಯಾರ್ಯಾರಿಗೆ ಉತ್ತರ ಕೊಡ್ಬೇಕು ಅಂತ ನಾವು ಬರೆದಿಟ್ಟಿರ್ತೀವಿ. ಉಳಿದವರು ಬಾಗಿಲು ಬಡಿದ್ರೂ ಅದು ಬಾಯಿ ಬಿಡಲ್ಲ."

"ಹಳೇದೇ ಇರ್ಲಿ. ಇಷ್ಟು ದಿನ ಏನೂ ಆಗಿಲ್ಲ."

"ನಾನು ಬೆಂಚಿನ ಮೇಲೆ ಕೂತು ಮಾಡಿದ್ದನ್ನ ನಾಳೆ ಬೇರೆ ಯಾರೋ ಅವರ ಮನೇಲಿ ಕೂತು ಮಾಡಿದ್ರೆ?"

ಬದಲಾಯಿಸಿದರೂ ಭಯ, ಬಿಟ್ಟರೂ ಭಯ. ದೇವರೇ, ಈ ಮನುಷ್ಯ ಎಲ್ಲಿಂದ ಬಂದ ನನ್ನ ಪ್ರಾಣ ತಿನ್ನೋಕೆ...

ಕರೆ ಕೊಠಡಿಯ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಮಾತಿಗೆ ನಿಂತರೆ ಮ್ಯಾನೇಜರ್ ಕೂಡ ದಾರಿ ಬಿಡುವಂಥ ಹೆಂಗಸು. ಸರ್ವರ್‌ಗೆ ಬೀಗ ಹಾಕಲು ಬಂದವನೆಂದು ಮೊದಲ ದಿನವೇ ಅವಳು ಎಂಜಿನಿಯರ್‌ಗೆ ಹೆಸರಿಟ್ಟಾಗಿತ್ತು.

"ಏನೇ ಪುಟ್ಟಿ, ನಿನ್ನ ಬೀಗದವನು ಇವತ್ತು ಬರ್ಲಿಲ್ವಾ?"

"ನನ್ನವನೇನಲ್ಲ, ದೊಡ್ಡಮ್ಮ."

"ಆಯ್ತಮ್ಮ. ಮತ್ತೆ ಬಾಗಿಲ ಕಡೆ ಯಾಕೆ ನೋಡ್ತೀಯ?"

ನೋಡುತ್ತಿದ್ದಳು, ಅದು ನಿಜ. ಬದಲಾವಣೆಗೆ ಅವಳು ಒಪ್ಪಿದ ಮೇಲೂ ಅವನು ಅವಸರ ಮಾಡಿರಲಿಲ್ಲ. ಅಭ್ಯಾಸಕ್ಕೆಂದು ಇನ್ನೊಂದು ಯಂತ್ರ ತರಿಸಿ, ಅದರಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಹಾಕುವುದನ್ನು ಅವಳ ಕೈಯಲ್ಲೇ ಮತ್ತೆ ಮತ್ತೆ ಮಾಡಿಸಿದ್ದ. ಅವಳ ಬೆರಳು ನಡುಗಿದರೆ ಕಿಟಕಿಯ ಕಡೆ ತಿರುಗಿ ಕಾಣದವನಂತೆ ಕೂರುತ್ತಿದ್ದ. ಅದು ಅವಳಿಗೆ ಗೊತ್ತಾಗುತ್ತಿತ್ತು. ಗೊತ್ತಾದಾಗಲೆಲ್ಲ ಎದೆಯಲ್ಲಿ ಏನೋ ಮೆತ್ತಗಾಗುತ್ತಿತ್ತು.

ಒಂದು ಸಂಜೆ ಎಲ್ಲರೂ ಪಾಳಿ ಬದಲಾಯಿಸುವ ಗದ್ದಲದಲ್ಲಿದ್ದಾಗ, ಅಪ್ಪನ ಆ ದನಿಯ ಕಥೆಯನ್ನು ಅವನಿಗೆ ಹೇಳಿಬಿಟ್ಟಳು.

"ಅಪ್ಪಂಗೆ ಇವತ್ತಿಗೂ ಗೊತ್ತಿಲ್ಲ, ಅದು ನನ್ನಿಂದ ಆಗಿದ್ದು ಅಂತ." ಕಣ್ಣು ತುಂಬಿ ಬಂತು. "ನಿಮಗೆ ಯಾಕೆ ಹೇಳಿದೆನೋ."

ಅವನು ಜೇಬು ತಡಕಿದ. ಕರವಸ್ತ್ರ ಕೊಟ್ಟ.

ಬದಲಾವಣೆಗೆ ಇನ್ನೊಂದೇ ದಿನವಿತ್ತು. ಪುಟ್ಟಿ ತನ್ನ ಕುರ್ಚಿಯಲ್ಲಿ ಕೂತು ಸರ್ವರ್‌ಗೆ ಲಾಗಿನ್ ಆಗಲು ಹೋದಳು. ಆಗಲಿಲ್ಲ. ಮತ್ತೆ ಪ್ರಯತ್ನಿಸಿದಳು. 'ನಿಮಗೆ ಅನುಮತಿ ಇಲ್ಲ' ಎಂದಿತು ಪರದೆ.

ಅವಳ ಸರ್ವರ್... ಅವಳಿಗೇ ಅನುಮತಿ ಇಲ್ಲ!

ವಿಚಾರಿಸಿದರೆ ಮ್ಯಾನೇಜರ್ ಕತ್ತು ಕೆರೆದುಕೊಂಡ. "ಆ ಎಂಜಿನಿಯರೇ ಕೇಳಿದ್ರಮ್ಮ. ನಾಳೆ ಕೆಲಸ ಪೂರ್ತಿ ಅವರ ಹೆಸರಲ್ಲೇ ನಡೀಲಿ, ನಿನ್ನ ಅನುಮತಿ ತೆಗೆದುಬಿಡಿ ಅಂದ್ರು."

ಅವಳು ನೇರ ಅವನ ಮುಂದೆ ಹೋಗಿ ನಿಂತಳು.

"ನನ್ನ ಅನುಮತಿ ತೆಗೆಸಿದ್ದು ನೀವಾ?"

ಅವನು ತಡವರಿಸಿದ. "ಹೌದು... ನಿಮಗೆ ಭಯ ಇದೆಯಲ್ಲ, ಅದಕ್ಕೆ..."

ಅಷ್ಟು ಸಾಕಾಯಿತು. ನಂಬಿ ಹೇಳಿಕೊಂಡ ಮಾತನ್ನು ಮ್ಯಾನೇಜರ್ ಮುಂದೆ ಒಪ್ಪಿಸಿ, ಇವಳು ಕೆಲಸಕ್ಕೆ ಬಾರದವಳು ಅಂತ ತೋರಿಸಿಬಿಟ್ಟನಲ್ಲ!

"ನಿಮಗೆ ಹೇಳಿದ್ದು ನಂದೇ ತಪ್ಪು," ಎಂದು ತಿರುಗಿ ನಡೆದಳು. ಅವನು ಹಿಂದೆಯೇ ಬಂದಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಕಂಬದ ಹಾಗೆ ನಿಂತೇ ಇದ್ದ, ಮಹಾರಾಯ.

ಮರುದಿನ, ಬೆಳಗಿನ ಕರೆಗಳ ಗಲಾಟೆ ಸ್ವಲ್ಪ ಇಳಿದ ಮೇಲೆ ಕೆಲಸ ಶುರುವಾಯಿತು. ಅವನು ಸರ್ವರ್ ಮುಂದೆ ಕೂತ. ಅವಳು ಮುಖ ಊದಿಸಿಕೊಂಡು ಹಿಂದಿನ ಕುರ್ಚಿಯಲ್ಲಿ ಕೂತಳು. ಮನೆಗೆ ಹೋಗಿ ಎಂದರೂ ಹೋಗುತ್ತಿರಲಿಲ್ಲ. ಅಪ್ಪನ ಗಾಡಿ ರಸ್ತೆಯ ಮೇಲಿತ್ತು.

ಹಳೆಯ ಲೈಬ್ರರಿ ಹೋಯಿತು. ಹೊಸದು ಬಂತು. ಇದಕ್ಕೆ ಸರ್ವರ್ ನಿಲ್ಲಿಸುವ ಅಗತ್ಯವೇ ಇರಲಿಲ್ಲ. ಮುಗಿಯಿತು ಎಂದು ಅವನು ಉಸಿರು ಬಿಡುವಷ್ಟರಲ್ಲಿ...

ಗೋಡೆಯ ಪರದೆ ಪೂರ್ತಿ ಕೆಂಪಾಯಿತು.

'ಸರ್ವರ್ ಪ್ರತಿಕ್ರಿಯಿಸುತ್ತಿಲ್ಲ.'

ಪುಟ್ಟಿ ಕುರ್ಚಿಯಿಂದ ಎದ್ದಳು. ಮತ್ತೆ... ಮತ್ತೆ ಅದೇ!

ಮ್ಯಾನೇಜರ್ ಮನೆಗೆ ಬೆಂಕಿ ಬಿದ್ದವನ ಹಾಗೆ ಓಡಿ ಬಂದ. "ಏನು ಮಾಡಿಟ್ರಿ? ಸತ್ತು ಕೂತಿದೆಯಲ್ರೀ ಅದು. ಒಂದ್ಸಲ ನಿಲ್ಲಿಸಿ ರೀಸ್ಟಾರ್ಟ್ ಮಾಡಿ, ಬೇಗ."

ಎಂಜಿನಿಯರ್‌ನ ಮುಖ ಸುಣ್ಣದಂತಾಗಿತ್ತು. ಸದಾ ತಣ್ಣಗೆ ಮಾತಾಡುವವನ ಬೆರಳುಗಳು ಕೀಲಿಮಣೆಯ ಮೇಲೆ ದಾರಿ ತಪ್ಪುತ್ತಿದ್ದವು. ನಿಲ್ಲಿಸುವ ಅಪ್ಪಣೆಯ ಅರ್ಧ ಸಾಲನ್ನು ಬರೆದೇಬಿಟ್ಟಿದ್ದ.

ಆ ಬೆರಳುಗಳನ್ನು ನೋಡಿದ್ದೇ ಪುಟ್ಟಿಗೆ ಏನಾಯಿತೋ. ಇವನೂ ನನ್ನಷ್ಟೇ ಹೆದರಿದ್ದಾನೆ... ಹೆದರಿದವಳ ಕೈ ಏನು ಮಾಡುತ್ತದೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ನಿಲ್ಲಿ," ಎಂದಳು. "ಎಂಟರ್ ಒತ್ಬೇಡಿ."

"ಪರದೆ ಕಾಣ್ತಿಲ್ವಾ ನಿಂಗೆ?" ಮ್ಯಾನೇಜರ್ ಗದರಿದ.

"ಪರದೆ ಕಾಣ್ತಿದೆ ಸರ್. ಸರ್ವರ್ ಕಾಣ್ತಿಲ್ಲ."

ಗಾಜಿನ ಆಚೆಗೆ ಕರೆ ಕೊಠಡಿ. ಅಲ್ಲಿ ಗಾಬರಿಯಿಂದ ಯಾರೂ ಎದ್ದು ನಿಂತಿರಲಿಲ್ಲ. ಅವಳು ಬಾಗಿಲು ತಳ್ಳಿ ಓಡಿದಳು.

"ದೊಡ್ಡಮ್ಮ, ಅಪ್ಪನ್ನ ಕೇಳಿ. ಗಾಡೀಲಿ ದಾರಿ ಕಾಣಿಸ್ತಿದೆಯಾ ಅಂತ ಕೇಳಿ."

ದೊಡ್ಡಮ್ಮ ಅವಳ ಮುಖ ನೋಡಿ ಮರುಪ್ರಶ್ನೆ ಹಾಕಲಿಲ್ಲ. ವೈರ್‌ಲೆಸ್ ಎತ್ತಿದಳು. ಆ ಕಡೆಯಿಂದ ಬರೀ ಗರಗರ ಸದ್ದು. ಪುಟ್ಟಿ ಮೇಜಿನ ಅಂಚು ಗಟ್ಟಿಯಾಗಿ ಹಿಡಿದಳು. ಹೇಳಪ್ಪಾ... ಏನಾದ್ರೂ ಹೇಳು...

"ಕಾಣಿಸದೆ ಏನು?" ಅಪ್ಪನ ದನಿ ಬಂತು. "ಎಡಕ್ಕೆ ತಿರುಗು ಅಂತಿದೆ, ತಿರುಗ್ತಿದೀನಿ. ಹೊಸ ವಿಳಾಸ ಈಗಷ್ಟೇ ಬಂತು. ಸುಮ್ನೆ ಮಾತಾಡಿಸಬೇಡಿ, ಒಳಗೆ ಮುದುಕರಿದಾರೆ, ಎದೆ ನೋವು."

ಸರ್ವರ್ ಬದುಕಿತ್ತು. ಗಾಡಿಗಳು ಓಡುತ್ತಿದ್ದವು. ಅವನು ಆ ಸಾಲು ಮುಗಿಸಿದ್ದರೆ...! ಮುಂದಿನದನ್ನು ಯೋಚಿಸಲು ಅವಳಿಗೆ ಧೈರ್ಯ ಬರಲಿಲ್ಲ.

ವಾಪಸು ಬಂದು ಅವನ ಪಕ್ಕ ನಿಂತಳು. "ಯಾರ್ಯಾರಿಗೆ ಉತ್ತರ ಕೊಡ್ಬೇಕು ಅಂತ ಬರೆದಿದೀರಲ್ಲ, ಅದನ್ನ ತೋರಿಸಿ."

ಅವನು ತೋರಿಸಿದ. ಅಲ್ಲಿ ಒಂದೇ ಒಂದು ಯಂತ್ರದ ವಿಳಾಸವಿತ್ತು. ಅವನ ಲ್ಯಾಪ್‌ಟಾಪ್‌ನದು.

"ಗೋಡೆ ಮೇಲಿನ ಪರದೆಯದ್ದು ಎಲ್ಲಿ?"

ಅವನು ಕಣ್ಣು ಮುಚ್ಚಿಕೊಂಡ. ಅಭ್ಯಾಸದ ಯಂತ್ರಕ್ಕೆ ಗೋಡೆಯ ಪರದೆಯೇ ಇರಲಿಲ್ಲ. ಹಾಗಾಗಿ ಇಬ್ಬರಿಗೂ ಅದು ಹೊಳೆದಿರಲಿಲ್ಲ.

"ಪಾಪ, ಆ ಪರದೆ ಹೇಗಿದೀಯ ಅಂತ ಕೇಳ್ತಾನೇ ಇದೆ. ಹೊಸ ಲೈಬ್ರರಿ, ನೀನ್ಯಾರೋ ನಂಗೊತ್ತಿಲ್ಲ ಅಂತ ಬಾಯಿ ಮುಚ್ಕೊಂಡಿದೆ," ಎಂದಳು. "ಉತ್ತರ ಬರಲಿಲ್ಲ ಅಂದ ತಕ್ಷಣ ಸತ್ತೇಹೋಯ್ತು ಅಂದ್ಕೊಂಡ್ವಿ."

ಅವನು ಎದ್ದು ಕುರ್ಚಿ ಬಿಟ್ಟುಕೊಟ್ಟ. "ನೀವೇ ಬರೀರಿ."

"ನನಗೆ ಅನುಮತಿ ಇಲ್ಲವಲ್ಲ."

"ನನ್ನ ಹೆಸರಲ್ಲಿ ಬರೀರಿ. ನನ್ನ ಕೈ ಈಗ ನನ್ನ ಮಾತು ಕೇಳಲ್ಲ."

ಅವಳು ಕುರ್ಚಿಯಲ್ಲಿ ಕೂತಳು. ಒಂದೊಂದೇ ಅಕ್ಷರ ನೋಡಿಕೊಂಡು ಪರದೆಯ ವಿಳಾಸ ಬರೆದಳು. ಗೋಡೆ ಮೆಲ್ಲಗೆ ಹಸಿರಾಯಿತು. ಮ್ಯಾನೇಜರ್ ಫೋನ್ ಬಂದವನಂತೆ ನಟಿಸುತ್ತಾ ಜಾಗ ಖಾಲಿ ಮಾಡಿದ.

ಮಧ್ಯಾಹ್ನ ಗಾಡಿಗಳು ನಿಲ್ಲುವ ಅಂಗಳದ ಮೆಟ್ಟಿಲ ಮೇಲೆ ಅವಳು ಒಬ್ಬಳೇ ಕೂತಿದ್ದಳು. ಅವನು ಬಂದು ಸ್ವಲ್ಪ ದೂರದಲ್ಲಿ ಕೂತ. ಬ್ಯಾಗು ಹೆಗಲಲ್ಲೇ ಇತ್ತು. ಕೆಲಸ ಮುಗಿದಿತ್ತಲ್ಲ, ಮುಂದಿನ ಕಚೇರಿಗೆ ಹೊರಡಬೇಕಿತ್ತು.

"ನೀವು ಹೇಳಿದ್ದನ್ನ ನಾನು ಯಾರಿಗೂ ಹೇಳಿಲ್ಲ," ಎಂದ. "ಮ್ಯಾನೇಜರ್‌ಗೂ ಹೇಳಿಲ್ಲ."

"ಮತ್ತೆ ಯಾಕೆ ತೆಗೆಸಿದ್ರಿ?"

"ಅವತ್ತು ನೀವು ಅತ್ತಿದ್ದು ನೋಡಿದೆ. ಮತ್ತೆ ಏನಾದ್ರೂ ಆದ್ರೆ ನಿಮ್ಮ ಹೆಸರು ಬರಬಾರದು ಅನ್ನಿಸ್ತು. ಬೈಸ್ಕೊಳ್ಳೋದಾದ್ರೆ ನಾನು ಬೈಸ್ಕೊಳ್ತೀನಿ ಅಂತ..."

ಇಷ್ಟು ದಿನ ಅವಳ ಪಾಲಿನ ಭಯಕ್ಕೆ ಯಾರೂ ಹೆಗಲು ಕೊಟ್ಟಿರಲಿಲ್ಲ. ಆದರೂ ಸಿಟ್ಟು ಪೂರ್ತಿ ಹೋಗಲಿಲ್ಲ.

"ನನ್ನ ಕೇಳಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ರಿ."

"ಹೌದು. ಅದಕ್ಕೇ ಕೇಳ್ಬೇಕಿತ್ತು."

ಅವನು ತಲೆ ತಗ್ಗಿಸಿದ. "ತಪ್ಪಾಯ್ತು. ನಿಮ್ಮನ್ನ ಕಾಪಾಡ್ತೀನಿ ಅಂದ್ಕೊಂಡು ನಿಮ್ಮನ್ನೇ ಹೊರಗೆ ನಿಲ್ಲಿಸಿದೆ. ಹೊಟ್ಟೆಗೆ ಹಾಕ್ಕೊಳ್ಳಿ. ನಿಜ ಹೇಳ್ಬೇಕು ಅಂದ್ರೆ, ಪ್ರತಿ ಕಚೇರೀಲೂ ಈ ಕೆಲಸ ಮಾಡೋವಾಗ ನನಗೆ ಕೈಕಾಲು ತಣ್ಣಗಾಗುತ್ತೆ. ಯಾರಿಗೂ ಹೇಳಿಲ್ಲ ಇದುವರೆಗೂ."

ಒಂದು ಗಾಡಿ ಅಂಗಳಕ್ಕೆ ಬಂದು ನಿಂತಿತು. ಅಪ್ಪ ಇಳಿದ. ಮಗಳನ್ನು ನೋಡಿದ, ಪಕ್ಕದಲ್ಲಿದ್ದವನನ್ನೂ ನೋಡಿದ.

"ಮುದುಕರು ಹೇಗಿದಾರಪ್ಪಾ?" ಅವಳು ಕೂಗಿ ಕೇಳಿದಳು.

"ಬದುಕಿದ್ರು. ಹೊತ್ತಿಗೆ ಸರಿಯಾಗಿ ತಂದ್ರಿ ಅಂದ್ರು ಡಾಕ್ಟ್ರು." ಅಷ್ಟು ಹೇಳಿ ಅಪ್ಪ, ಬೇಕೆಂದೇ ನಿಧಾನವಾಗಿ ಗಾಡಿಯ ಆ ಪಕ್ಕಕ್ಕೆ ಹೋಗಿ ಗಾಜು ಒರೆಸತೊಡಗಿದ.

ಪುಟ್ಟಿ ಅತ್ತಳು, ನಕ್ಕಳು, ಎರಡೂ ಒಟ್ಟಿಗೆ. ಇವತ್ತು ಸಂಜೆ ಅಪ್ಪನಿಗೆ ಹಳೆಯದನ್ನೆಲ್ಲ ಹೇಳಿಬಿಡಬೇಕು ಎಂದುಕೊಂಡಳು.

ಅವನು ಎದ್ದು ನಿಂತ. ಹೆಗಲ ಬ್ಯಾಗು ಸರಿಮಾಡಿಕೊಂಡ. ಹೋಗಲಿಲ್ಲ.

"ಈಗಲೂ ಭಯ ಆಗ್ತಿದೆಯಾ?" ಎಂದು ಕೇಳಿದ.

"ಆಗ್ತಿದೆ."

"ಸರ್ವರ್ ಚೆನ್ನಾಗಿದೆಯಲ್ಲ."

"ಸರ್ವರ್‌ಗಲ್ಲ." ಅವಳು ನೆಲ ನೋಡುತ್ತಾ ಹೇಳಿದಳು. "ನೀವು ಏನೋ ಹೇಳೋಕೆ ಬಂದು, ಹೇಳದೆ ಹೋಗ್ಬಿಡ್ತೀರೇನೋ ಅಂತ."

ಅವನು ಹೆಗಲಿಂದ ಬ್ಯಾಗು ಇಳಿಸಿದ. ಈ ಸಲ ಅವಳ ಪಕ್ಕದಲ್ಲೇ ಕೂತ.

"ನಾನು ಹೇಳೋಕೆ ಬಂದಿಲ್ಲ. ಕೇಳೋಕೆ ಬಂದೆ," ಎಂದ. "ನೀವು ಬೇಡ ಅಂದ್ಬಿಟ್ರೆ ಅಂತ ಕೈಕಾಲು ತಣ್ಣಗಾಗಿದೆ."

ಅವಳು ಅವನ ಕೈ ಮುಟ್ಟಿ ನೋಡಿದಳು. ನಿಜವಾಗಿಯೂ ತಣ್ಣಗಿತ್ತು. ಬಿಡಲಿಲ್ಲ.

"ಕೇಳಿ," ಎಂದಳು.