ತಾತನ ಬ್ಯಾರನ್ ಮಾತ್ರೆ

"ಕ್ಲಾಸಲ್ಲಿ ನಿದ್ದೆ ಬರುತ್ತಾ?" ಡಾಕ್ಟರ್ ರಮ್ಯ ಕೇಳಿದರು.

"ಇಲ್ಲ ಮೇಡಂ," ಎಂದಳು ಮಧುಶ್ರೀ. ಹೇಳಿ ಮುಗಿಯುವ ಮೊದಲೇ ದೊಡ್ಡದೊಂದು ಆಕಳಿಕೆ ಬಂತು. ಪಕ್ಕದಲ್ಲಿ ಕೂತಿದ್ದ ತಾತ ಚಲುವಯ್ಯ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು.

ಐದನೇ ಕ್ಲಾಸಿನ ಮಧುಶ್ರೀಗೆ ಫಿಟ್ಸ್ ಇದೆ. ದಿನಕ್ಕೆರಡು ಹೊತ್ತು ತಪ್ಪದೆ ಮಾತ್ರೆ ನುಂಗುವುದರಿಂದ ಎಂಟು ತಿಂಗಳಿಂದ ಅದು ಬಂದಿರಲಿಲ್ಲ. ಆದರೆ ಈಚೆಗೆ ಕ್ಲಾಸಿನಲ್ಲಿ ಬರೀ ತೂಕಡಿಕೆ. ಪಕ್ಕದಲ್ಲಿ ಕೂರುವ ಗೆಳತಿ ಸೌಂದರ್ಯ ಅವಳಿಗೆ 'ದಿಂಬು' ಎಂದು ಹೆಸರಿಟ್ಟಿದ್ದಳು. ಶಾಲೆಯ ನಾಟಕದಲ್ಲಿ ಮಧುಶ್ರೀಯದು ಕೋಟೆ ಕಾಯುವ ಸಿಪಾಯಿ ಪಾರ್ಟು. "ಸಿಪಾಯಿನೇ ಇನ್ನೊಂದ್ಸಲ ನಿದ್ದೆ ಹೊಡೆದ್ರೆ ಪಾರ್ಟು ಬೇರೆಯವರಿಗೆ," ಎಂದು ಮಿಸ್ ಹೇಳಿಬಿಟ್ಟಿದ್ದರು.

ಮಧುಶ್ರೀ ಜಾಮಿಟ್ರಿ ಬಾಕ್ಸಿನಿಂದ ಒಂದು ಮಾತ್ರೆ ತೆಗೆದಳು. "ಮೇಡಂ, ಇದು ತಿಂದ್ರೆ ನಿದ್ದೆ ಬರಲ್ವಂತೆ. ನಾನೂ ತಿನ್ಲಾ?"

"ಎಲಾ ಇವಳ, ನನ್ ಜೇಬಿಗೇ ಕೈ ಆಕಿದ್ದೀಯಾ?" ಎಂದರು ತಾತ.

ಅದು ತಾತನ ಬ್ಯಾರನ್ ಮಾತ್ರೆ. ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮನೆಯಲ್ಲಿ ಬೆಂಕಿ ಹೆಚ್ಚಾದರೂ ಸೊಪ್ಪು ಹಾಳು, ಕಡಿಮೆಯಾದರೂ ಹಾಳು. ರಾತ್ರಿಯೆಲ್ಲ ಒಬ್ಬರು ಕಾಯಬೇಕು. ಮೂವತ್ತು ವರ್ಷದಿಂದ ಅದು ತಾತನದೇ ಕೆಲಸ. ಈಚೆಗೆ ಯಾರೋ ಲಾರಿ ಡ್ರೈವರ್ ಕೊಟ್ಟ ಮಾತ್ರೆಯ ಧೈರ್ಯದ ಮೇಲೆ ಮೀಸೆ ತಿರುವುತ್ತಿದ್ದರು.

ಡಾಕ್ಟರ್ ಮಾತ್ರೆಯನ್ನು ತಿರುಗಿಸಿ ನೋಡಿದರು. "ಎಚ್ಚರದ ಮಾತ್ರೆ ಕೆಲವರಿಗೆ ನಾವೇ ಕೊಡ್ತೀವಿ. ಆದ್ರೆ ಫಿಟ್ಸ್ ಇರೋರಿಗೆ ಬಹಳ ಯೋಚಿಸಿ ಕೊಡಬೇಕು. ನಿನ್ನ ಮಾತ್ರೆ ಜೊತೆ ಇದು ಜಗಳಕ್ಕೆ ನಿಂತ್ರೆ ಫಿಟ್ಸ್ ವಾಪಸ್ ಬರಬಹುದು. ತಿನ್ನೋ ಮೊದಲು ಕೇಳಿದ್ದು ಒಳ್ಳೇದಾಯ್ತು. ನಿದ್ದೆಗೆಟ್ಟರೂ ಫಿಟ್ಸ್ ಬರಬಹುದು. ರಾತ್ರಿ ಎಷ್ಟೊತ್ತಿಗೆ ಮಲಗ್ತೀಯ?"

ಮಧುಶ್ರೀ ತನ್ನ ಚಪ್ಪಲಿ ನೋಡಿಕೊಂಡಳು. ನಿಜ ಹೇಳಿದರೆ ಅಜ್ಜಿ ನಾಳೆಯಿಂದಲೇ ತಾತನನ್ನು ಬ್ಯಾರನ್ನಿನ ಹತ್ತಿರ ಬಿಡುವುದಿಲ್ಲ. ಊರವರೆಲ್ಲ ನಗುತ್ತಾರೆ. ತಾತನಿಗೆ ಎಷ್ಟು ಬೇಜಾರಾಗಬಹುದು ಎಂದು ಅವಳಿಗೆ ಸಂಕಟವಾಯಿತು.

"ಬೇಗ ಮಲಗ್ತೀನಿ."

ತಾತ ಕೆಮ್ಮಿದರು. "ಸುಳ್ಳು ಕಣ್ರವ್ವ. ಮಾತ್ರೆ ತಿಂದ್ರೂ ನಾನು ಗೊರಕೆ ಒಡೀತೀನಿ. ಇವ್ಳು ಪುಸ್ತಕ ಇಡ್ಕಂಡು ಬಂದು ನನ್ ಬದ್ಲು ಬೆಂಕಿ ಕಾಯ್ತಾಳೆ. ಗೊತ್ತಿದ್ದೂ ಸುಮ್ಕಿದ್ದೆ." ಹೇಳುವಾಗ ತಾತನ ದನಿ ಸಣ್ಣಗಾಯಿತು.

"ಹಾಗಾದ್ರೆ ಇದು ನಿಮಗೂ ಬೇಡ, ಇವಳಿಗೂ ಬೇಡ," ಡಾಕ್ಟರ್ ಮಾತ್ರೆಯನ್ನು ಡ್ರಾಯರಿಗೆ ಹಾಕಿದರು. "ಇಬ್ಬರಿಗೂ ಬೇಕಾಗಿರೋದು ನಿದ್ದೆ."

"ನನ್ ಮಗ ಕಾಯ್ತೀನಿ ಅಂತಾನೇ ಅವ್ನೆ. ನಾನೇ ಬುಟ್ಟಿರ್ನಿಲ್ಲ. ಇವತ್ತಿಂದ ಬುಡ್ತೀನಿ."

ಹುಣಸೂರು ದಾಟುವ ಮೊದಲೇ ಬಸ್ಸಿನಲ್ಲಿ ತಾತ ತೂಕಡಿಸಿದರು. ಮಧುಶ್ರೀ ಎಬ್ಬಿಸಲು ಕೈ ಎತ್ತಿದಳು. ತಾತನ ಮುಖ ನೋಡಿ ಮೆಲ್ಲಗೆ ಕೈ ಇಳಿಸಿದಳು.

"ಅಣ್ಣ, ಬಿಳಿಕೆರೆ ಬಂದಾಗ ನಮ್ಮಿಬ್ರನ್ನೂ ಎಬ್ಬಿಸ್ತೀರಾ?"

"ಆಯ್ತು, ಮಲಕ್ಕೋ ಮಗ," ಎಂದರು ಕಂಡಕ್ಟರ್.

ಮಧುಶ್ರೀ ತಾತನ ತೋಳಿಗೆ ತಲೆ ಇಟ್ಟು ಕಣ್ಣು ಮುಚ್ಚಿದಳು.