ಐದು ಕಡೆ ಅಳಿಸಿದ ಗಂಧ

ಮಳೆ ಹಿಂದೆ ಸರಿದು, ಬೆಳಗಿನ ಬಿಸಿಲಿಗೆ ಹಳದಿ ಬಣ್ಣ ಬರುವ ಕಾಲ. ವಿಜಯದಶಮಿಯ ಗುರುವಾರ, ಗಂಟೆ ಒಂಬತ್ತಾಗಿತ್ತು. ತ್ಯಾಗಲಿಯ ಕೆರಿಯಪ್ಪ ಶಿರಸಿಯಲ್ಲಿ ಬಸ್ಸಿಳಿದು, ನಡೆದೇ ಬಂದು, ವಿನೋದ ಭಟ್ಟರ ರೆಕಾರ್ಡಿಂಗ್ ಸ್ಟುಡಿಯೋದ ಮೆಟ್ಟಿಲು ಹತ್ತುತ್ತಿದ್ದ. ಮೇಲಿನಿಂದ ಭಟ್ಟರ ದನಿ ಕೇಳಿಸಿತು.

"ಹೋತು ಸೀತಾ. ಪೂರಾ ಹೋತು."

ಬಾಗಿಲಲ್ಲಿ ನಿಂತು ನೋಡಿದರೆ ಭಟ್ಟರು ಕಂಪ್ಯೂಟರಿನ ಮುಂದೆ ತಲೆ ಹಿಡಿದು ಕೂತಿದ್ದಾರೆ. ಹೆಂಡತಿ ಸೀತಾ ಕೈಯಲ್ಲಿ ಆರತಿ ತಟ್ಟೆ ಹಿಡಿದವಳು ಹಾಗೆಯೇ ನಿಂತುಬಿಟ್ಟಿದ್ದಾಳೆ.

"ಎಂತ ಹೋಯ್ತು ಭಟ್ರೆ?"

"ಗಂಗಾಂಬಿಕಮ್ಮನ ದನಿ, ಕೆರಿಯಪ್ಪಣ್ಣ. ಯಾರೋ ಅಳಿಸಿದಾರೆ."

ಕೆರಿಯಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು ಬೆಂಚಿನ ಮೇಲೆ ಕೂತ. ಅವನು ಬಂದದ್ದೇ ಆ ದನಿ ಕೇಳುವುದಕ್ಕೆ. ಹೆಗ್ಗರಣೆಯ ಗಂಗಾಂಬಿಕಮ್ಮ ಹೋದ ವಾರ ಹೇಳಿ ಕಳಿಸಿದ್ದರು: ಹಾಡುಗಳನ್ನು ವಿಜಯದಶಮಿಗೆ ಕೇಳಿಸುತ್ತಾರೆ, ಅದರಲ್ಲಿ ನಿನ್ನ ಅವ್ವನ ಹೆಸರು ಹೇಳಿದ್ದೇನೆ, ಬಂದು ಕೇಳು. ಕೆರಿಯಪ್ಪನ ಅವ್ವ ದ್ಯಾವಮ್ಮ ತೀರಿಕೊಂಡು ಐವತ್ತೆರಡು ವರ್ಷ. ಅವಳದೊಂದು ಫೋಟೋ ಕೂಡ ಇಲ್ಲ.

ಶ್ರಾವಣದಲ್ಲಿ ಗಂಗಾಂಬಿಕಮ್ಮ ಏಳು ಹಾಡು ಹೇಳಿದ್ದರು. ಅದಾದ ಮೇಲೆ ಗಂಟಲಿನ ಆಪರೇಶನ್ ಆಯಿತು. ಈಗ ಬರೀ ಉಸಿರಲ್ಲಿ ಮಾತಾಡುತ್ತಾರೆ. ಅಂದಮೇಲೆ, ಹೋದ ದನಿ ಮತ್ತೆ ಹುಟ್ಟುವಂಥದ್ದಲ್ಲ.

"ಇನ್ನೊಂದು ಪ್ರತಿ ತೆಗೆದಿಟ್ಟಿಲ್ವ?"

"ಇತ್ತು. ಆ ಡಿಸ್ಕು ಭಾದ್ರಪದದ ಸಿಡಿಲಿಗೆ ಸುಟ್ಟುಹೋಯ್ತು. ಇನ್ನೊಂದು ತರಬೇಕು ಅಂತಿದ್ದೆ..."

"ಯಾವಾಗ ಅಳಿಸಿದ್ದು ಅಂತ ಕಂಪ್ಯೂಟರ್ ಹೇಳೂದಿಲ್ಲವ?"

"ಅದರ ಗಡಿಯಾರ ಕೆಟ್ಟು ವರ್ಷ ಆಯ್ತು. ನೆಟ್ಟೂ ಹಚ್ಚಿಲ್ಲ. ಅದಕ್ಕೆ ದಿನಾನೂ ಜನವರಿ ಒಂದೇ."

"ಒಳ್ಳೇದು. ಅದಕ್ಕೆ ವಯಸ್ಸೇ ಆಗೂದಿಲ್ಲ," ಎಂದ ಕೆರಿಯಪ್ಪ.

ಯಾರೂ ನಗಲಿಲ್ಲ.

ಕೆರಿಯಪ್ಪ ಓದಿದ್ದು ಎರಡನೆಯ ಇಯತ್ತೆ. ಆದರೆ ನಲವತ್ತು ವರ್ಷ ಸಿದ್ದಾಪುರದ ಸುತ್ತ ಮದುವೆ, ಯಕ್ಷಗಾನದ ಆಟ, ಸಭೆಗಳಿಗೆಲ್ಲ ಮೈಕ್ ಸೆಟ್ ಹಾಕಿದವನು. ಸದ್ದು ನಿಂತರೆ ಮೊದಲು ಯಂತ್ರ ಬಿಚ್ಚಬೇಡ, ತಂತಿ ನೋಡು — ಇದು ಅವನ ಪಾಠ. ಅವನು ಕೂತಲ್ಲಿಂದಲೇ ತಂತಿಗಳನ್ನು ನೋಡತೊಡಗಿದ.

ಕಂಪ್ಯೂಟರಿನ ಮೇಜು ಗೋಡೆಗೆ ಮುಖ ಮಾಡಿತ್ತು. ಅದರ ಎದುರು ಕೂತವನ ಬೆನ್ನ ಹಿಂದೆ, ಕಿಟಕಿಯ ಕೆಳಗೆ, ಒಂದು ಮಣೆ. ಮಣೆಯ ಮೇಲೆ ಹೊಸ ಯಂತ್ರ. ಉದ್ದನೆಯ ಹಲಗೆಯಂಥದ್ದು, ಅದರಲ್ಲಿ ಎಂಟು ಸೀಳು, ಒಂದೊಂದು ಸೀಳಿನಲ್ಲೂ ಮೇಲೆ ಕೆಳಗೆ ಜಾರುವ ಒಂದೊಂದು ಗುಂಡಿ. ಎಂಟೂ ಗುಂಡಿ ತಳದಲ್ಲಿದ್ದವು. ಅಂಚಿನಲ್ಲಿ ಒಂದು ಸೇವಂತಿಗೆ ಹೂವು. ನಡುವೆ ಅಡ್ಡಕ್ಕೆ ಗಂಧದ ಗೆರೆ, ಕುಂಕುಮ.

"ಇದೆಂತದು?"

"ಕಂಟ್ರೋಲ್ ಸರ್ಫೇಸ್ ಅಂತಾರೆ," ಎಂದರು ಭಟ್ಟರು. "ಮೌಸ್ ಹಿಡಿದು ಒಂದೊಂದೇ ದನಿ ಏರಿಸಿ ಇಳಿಸೋ ಬದಲು, ಬೆರಳಲ್ಲಿ ಮಾಡ್ಬಹುದು. ವೈರಿಂಗ್ ಮಾಡೋ ಆರಿಫ್ ಮಂಗಳವಾರ ಬಂದು ಜೋಡಿಸಿಕೊಟ್ಟ. ಇಡೀ ದಿನ ಗಂಗಾಂಬಿಕಮ್ಮನ ಹಾಡನ್ನೇ ತೆರೆದಿಟ್ಟುಕೊಂಡು ಹೊಂದಿಸಿದ. ಅವನು ಹೋದಮೇಲೆ ಯಾರೂ ಕಂಪ್ಯೂಟರ್ ಮುಟ್ಟಿಲ್ಲ. ಬುಧವಾರ ಆಯುಧಪೂಜೆ. ಅಂದಮೇಲೆ..."

"ಅಂದಮೇಲೆ ಆರಿಫನೇ ಅಂತೀರ?"

ಭಟ್ಟರು ಆಗಲೇ ಫೋನು ಮಾಡಿ ಎಲ್ಲರನ್ನೂ ಕರೆದಾಗಿತ್ತು.

ಹನ್ನೊಂದು ಗಂಟೆಯ ಹೊತ್ತಿಗೆ ಜನ ಸೇರಿದರು. ಆರಿಫ್ ಯಲ್ಲಾಪುರದಿಂದ ಬಂದ. ಮಂಗಳವಾರ ಸಂಜೆಯೇ ತಂಗಿ ನಿಲೋಫರಳ ಮನೆಗೆ ಹೋಗಿದ್ದನಂತೆ. ಹಿಮ್ಮೇಳ ಹಾಡುವ ಸಮೃದ್ಧಿ ಬಂದಳು. ಹೆಗ್ಗರಣೆಯಿಂದ ಕಾರಿನಲ್ಲಿ ಗಂಗಾಂಬಿಕಮ್ಮ, ಜೊತೆಗೆ ಮಗ ವೈಭವ ಹೆಗಡೆ. ಮಗನ ಬಗಲಲ್ಲಿ ಹಾಡುಗಳ ಬಿಡುಗಡೆಯ ಆಮಂತ್ರಣ ಪತ್ರಿಕೆಗಳ ಕಟ್ಟು. 'ನಮ್ಮ ಮನೆಯ ಹಾಡುಗಳು: ನಾಲ್ಕು ತಲೆಮಾರಿನ ಸಂಪತ್ತು' ಎಂದು ಅಚ್ಚಾಗಿತ್ತು.

ಸುದ್ದಿ ಕೇಳಿ ಗಂಗಾಂಬಿಕಮ್ಮ ಗಂಟಲಿನ ಮೇಲೆ ಕೈ ಇಟ್ಟುಕೊಂಡರು. ಅಷ್ಟೆ.

"ಹೋದ್ದು ಹೋತು ಆಯಿ," ಎಂದರು ವೈಭವ. "ಹಣೆಲಿ ಬರ್ದಿದ್ದಿಲ್ಲೆ ಹೇಳಿ ತಿಳ್ಕಳ್ಳವು."

ಆರಿಫ್‌ಗೆ ಸಿಟ್ಟು ಬಂದಿತ್ತು. "ಭಟ್ರೆ, ಹನ್ನೆರಡು ವರ್ಷ ಈ ಕೆಲಸ ಮಾಡಿದೇನೆ. ನಾಳೆ ಯಾರಾದ್ರೂ ನನ್ನ ಕೈಗೆ ಒಂದು ವೈರ್ ಕೊಡ್ತಾರಾ? ಆರಿಫ್ ಬಂದ್ರೆ ಹಾಡು ಹೋಗ್ತದೆ ಅಂತಾರೆ."

"ಕೂತ್ಕೋ ಮಾರಾಯ," ಎಂದ ಕೆರಿಯಪ್ಪ. "ನಿನ್ನಪ್ಪ ಹಯಾತ್ ನನ್ನ ಮೈಕ್ ಸೆಟ್ಟಿನ ಗಾಡಿ ಹೊಡೀತಿದ್ದ. ಅವನೂ ಹಿಂಗೇ, ಕೇಳೂ ಮುಂಚೆ ಉತ್ತರ ಕೊಡ್ತಿದ್ದ. ಈಗ ಹೇಳು, ಕೋಣೆಯ ಬೀಗದ ಕೈ ಎಲ್ಲಿರ್ತದೆ?"

"ಕೆಳಗೆ ಮೀಟರ್ ಪೆಟ್ಟಿಗೆ ಹಿಂದೆ. ಇಲ್ಲಿರೋ ಎಲ್ಲರಿಗೂ ಗೊತ್ತು."

"ಕಂಪ್ಯೂಟರ್ ಹೆಂಗೆ ಹಚ್ಚೂದು?"

"ಆ ಒಂದು ಸ್ವಿಚ್. ಅದನ್ನ ಹಾಕಿದ್ರೆ ಕಂಪ್ಯೂಟರೂ ಹತ್ತುತ್ತದೆ, ಈ ಸರ್ಫೇಸೂ ಹತ್ತುತ್ತದೆ. ನಾನೇ ಒಟ್ಟಿಗೆ ಕೊಟ್ಟೆ."

ಕೆರಿಯಪ್ಪ ಸಮೃದ್ಧಿಯ ಕಡೆ ತಿರುಗಿದ. "ಈ ಹಾಡು ನೀನೇ ಹಾಡ್ತೆ ಅಂತ ಕೇಳಿದ್ಯಂತೆ, ಹೌದ ತಂಗಿ?"

"ಕೇಳಿದ್ದೆ. ಭಟ್ರು ಬೇಡ ಅಂದ್ರು. ಅದಕ್ಕೆ ಅಜ್ಜಿ ದನಿ ಅಳಿಸ್ತೀನಾ? ಆ ದನಿ ಕೇಳಿಕೊಂಡೇ ನಾನು ಕಲೀತಿರೋದು."

"ಈ ಹಲಗೆ ನೋಡಿದ್ದೀಯ?"

"ಮಂಗಳವಾರ ಮಧ್ಯಾಹ್ನ ಆರಿಫಣ್ಣ ತೋರಿಸಿದ್ರು. ಭಟ್ರು, ಸೀತಕ್ಕ, ನಾನು ಇದ್ವಿ. ಸೀತಕ್ಕ ಹೆದರಿ ಎರಡು ಹೆಜ್ಜೆ ಹಿಂದೆ ಹೋದ್ರು."

"ಹೆದರಿಕೆ ಎಂತಕ್ಕೆ ಸೀತಮ್ಮ?"

ಸೀತಾ ನಾಚಿದಳು. "ಹೆದರದೆ ಮತ್ತೆ? ಯಾರೂ ಮುಟ್ಟದೆ ಗುಂಡಿಗಳೆಲ್ಲ ತನ್ನಷ್ಟಕ್ಕೆ ಮೇಲೆ ಹೋದ್ವು. ಪಿಶಾಚಿ ಬೆರಳು ಹಾಕಿದ ಹಾಗೆ."

ಕೆರಿಯಪ್ಪ ಮಣೆಯತ್ತ ತಿರುಗಿದ.

"ತನ್ನಷ್ಟಕ್ಕೆ?"

"ಹೌದು," ಎಂದ ಆರಿಫ್. "ಒಳಗೆ ಸಣ್ಣ ಮೋಟಾರ್ ಇದೆ. ಕಂಪ್ಯೂಟರಿನಲ್ಲಿ ಹಾಡು ತೆರೆದರೆ ಸಾಕು. ಆ ಹಾಡಿನಲ್ಲಿ ಯಾವ ದನಿ ಎಷ್ಟು ಎತ್ತರಕ್ಕೆ ಇಟ್ಟಿದ್ದೇವೋ, ಅಷ್ಟು ಎತ್ತರಕ್ಕೆ ಗುಂಡಿ ಏರಿ ನಿಲ್ತದೆ. ಹಾಡು ಮುಚ್ಚಿದ್ರೆ ಎಲ್ಲ ತಳಕ್ಕೆ ಇಳೀತವೆ."

"ಭಟ್ರೆ, ಇವತ್ತು ನೀವು ಕಂಪ್ಯೂಟರ್ ಹಚ್ಚಿದಾಗ ಗುಂಡಿ ಏರಿದ್ವ?"

"ಇಲ್ಲ. ಉತ್ತರಪೂಜೆ ಆಗದೆ ಅದು ಓಡಬಾರದು ಅಂತ ಇವಳ ಕಟ್ಟಪ್ಪಣೆ. ಅದಕ್ಕೆ ಮೊದಲು ಸರ್ಫೇಸಿನ ತಂತಿ ಕಿತ್ತು, ಆಮೇಲೆ ಸ್ವಿಚ್ ಹಾಕಿದೆ. ನೋಡಿ, ಈಗಲೂ ಕಿತ್ತೇ ಇದೆ."

"ನೀವು ಬಂದಾಗ ತಂತಿ ಸಿಕ್ಕಿಸೇ ಇತ್ತು?"

"ಸಿಕ್ಕಿಸೇ ಇತ್ತು."

ಕೆರಿಯಪ್ಪ ಮೊಣಕಾಲು ಹಿಡಿದು ಎದ್ದ. ಮಣೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮುಟ್ಟದೆ, ಗಂಧದ ಗೆರೆಯನ್ನು ಎಡದಿಂದ ಬಲಕ್ಕೆ ನೋಡಿದ. ಮತ್ತೆ ಬಲದಿಂದ ಎಡಕ್ಕೆ.

"ಸೀತಮ್ಮ, ನಿನ್ನೆ ಪೂಜೆಯ ಫೋಟೋ ತೆಗ್ದೀರ?"

"ತೆಗ್ದಿದ್ದೇನೆ." ಅವಳು ಫೋನು ಕೊಟ್ಟಳು. ಬುಧವಾರ ಹನ್ನೊಂದು ಗಂಟೆ ಇಪ್ಪತ್ತು ನಿಮಿಷದ ಫೋಟೋ. ಕೆರಿಯಪ್ಪ ಅದನ್ನು ಕಣ್ಣಿನ ಹತ್ತಿರ ಹಿಡಿದ, ದೂರ ಹಿಡಿದ. ಫೋನು ವಾಪಸು ಕೊಟ್ಟ.

"ವೈಭವ ಹೆಗಡೇರೆ, ನಿಮ್ಮ ಹತ್ರ ಒಂದು ಮಾತು. ಈ ಸ್ವಿಚ್ ಹಾಕಿ, ಅಲ್ಲಿ ಹಾಡು ತೆರೆದ್ರೆ, ಈ ಹಲಗೆಗೆ ಎಂತ ಆಗ್ತದೆ?"

"ಈಗಷ್ಟೇ ಹೇಳಿದ್ರಲ್ಲ. ಗುಂಡಿ ಏರ್ತದೆ."

"ಈಗಷ್ಟೇ. ಅದಕ್ಕೂ ಮುಂಚೆ ಗೊತ್ತಿತ್ತ?"

"ನಂಗೆ ಹೆಂಗೆ ಗೊತ್ತಿರ್ತದೆ ಕೆರಿಯಪ್ಪ? ಶ್ರಾವಣದ ನಂತರ ಈ ಮೆಟ್ಟಿಲು ಹತ್ತಿದ್ದೇ ಇವತ್ತು."

"ಹಂಗಾರೆ ಎಲ್ಲರೂ ಇಲ್ಲಿ ಬನ್ನಿ. ಮುಟ್ಟಬೇಡಿ, ನೋಡಿ."

ಎಲ್ಲರೂ ಬಗ್ಗಿದರು.

"ಸೀತಮ್ಮ ಗಂಧವನ್ನ ಎಂಟೂ ಸೀಳಿನ ಮೇಲೆ ಒಂದೇ ಗೆರೆ ಎಳೆದಿದ್ರು. ಫೋಟೋದಲ್ಲಿ ಗೆರೆ ಇಡಿಯಾಗಿದೆ. ಈಗ? ಎಡಗಡೆ ಐದು ಸೀಳಿನ ಹತ್ರ ಗಂಧ ಇಲ್ಲ, ಗೀರಿ ಹೋಗಿದೆ. ಬಲಗಡೆ ಮೂರರ ಮೇಲೆ ಹಂಗೇ ಇದೆ. ಎಡಗಡೆ ಐದು ಗುಂಡಿಗಳ ನೆತ್ತಿ ನೋಡಿ — ಒಣಗಿದ ಗಂಧದ ಪುಡಿ."

"ಐದು..." ಎಂದರು ಭಟ್ಟರು.

"ಗಂಗಾಂಬಿಕಮ್ಮನ ಹಾಡಿಗೆ ಎಷ್ಟು ದನಿ?"

"ಐದು. ಅವರ ದನಿ, ಶ್ರುತಿ, ತಾಳ, ಹಾರ್ಮೋನಿಯಂ, ಕೊಳಲು."

"ಅಂದ್ರೆ ಪೂಜೆ ಆದಮೇಲೆ ಆ ಹಾಡನ್ನ ಯಾರೋ ತೆರೆದ್ರು. ಆಗ ಆರಿಫ್ ಯಲ್ಲಾಪುರದಲ್ಲಿ. ಅವನ ತಲೆ ಮೇಲಿನ ಮಾತು ತೆಗೀರಿ. ಈಗ ಉಳಿದವರು. ಬಂದವರು ಹೂವು ಅಲ್ಲಾಡಿಸಲಿಲ್ಲ, ಮಣೆ ಸರಿಸಲಿಲ್ಲ. ಪೂಜೆಗೆ ಇಟ್ಟದ್ದನ್ನ ಮುಟ್ಟಬಾರದು ಅನ್ನೋ ಸಂಸ್ಕಾರ ಇದ್ದವರು. ಮೌಸಿಗೆ ಸೀತಮ್ಮ ಕುಂಕುಮ ಇಟ್ಟಿರಲಿಲ್ಲ, ಅದನ್ನ ಹಿಡಿದ್ರು. ಆದರೆ ಗುಂಡಿ ತನ್ನಷ್ಟಕ್ಕೆ ನಡೀತದೆ ಅಂತ ಗೊತ್ತಿದ್ದವರು ಎಂತ ಮಾಡ್ತಿದ್ರು? ಭಟ್ರು ಮಾಡಿದ್ದನ್ನೇ. ಮೊದಲು ತಂತಿ ಕೀಳ್ತಿದ್ರು. ಆರಿಫಂಗೆ ಗೊತ್ತಿತ್ತು, ಭಟ್ರಿಗೆ ಗೊತ್ತಿತ್ತು, ಸೀತಮ್ಮಂಗೆ ಗೊತ್ತಿತ್ತು, ಈ ಹುಡುಗಿಗೂ ಗೊತ್ತಿತ್ತು. ಅಮ್ಮನ್ನ ಬಿಟ್ರೆ, ಬೀಗದ ಕೈ ಇರೋ ಜಾಗ ಗೊತ್ತಿದ್ದು, ಗುಂಡಿ ನಡೆಯೋದು ಗೊತ್ತಿಲ್ಲದವರು ಒಬ್ಬರೇ. ಅವರು ಗೋಡೆ ಕಡೆ ಮುಖ ಮಾಡಿ ಕೂತಿದ್ರು. ಬೆನ್ನ ಹಿಂದೆ ಇದು ಏರಿ ಇಳಿದದ್ದು ಅವರಿಗೆ ಕಾಣಲಿಲ್ಲ."

ವೈಭವ ಆಮಂತ್ರಣದ ಕಟ್ಟನ್ನು ಮೊಣಕಾಲ ಮೇಲೆ ಸರಿಯಾಗಿ ಇಟ್ಟುಕೊಂಡರು. ಮತ್ತೆ ಸರಿಯಾಗಿ ಇಟ್ಟುಕೊಂಡರು.

"ಆಯಿಯ ದನಿನ ಆನೇ ಅಳಸ್ತ್ನ?" ಎಂದರು ಭಟ್ಟರತ್ತ ತಿರುಗಿ.

"ದನಿಗೆ ನೀವು ಹೆದರಿದ್ದಲ್ಲ," ಎಂದ ಕೆರಿಯಪ್ಪ. "ಹಾಡಿನ ಮುಂಚೆ ಅಮ್ಮ ಒಂದು ಮಾತು ಹೇಳಿದಾರೆ. ಅದು ನಿಮ್ಮ ಬಗಲಲ್ಲಿರೋ ಕಾಗದದ ಜೊತೆ ಹೊಂದೂದಿಲ್ಲ. ಎಂತ ಮಾತು ಅಂತ ನಂಗೆ ಹೇಳಿ ಕಳಿಸಿದ್ರು. ನಾನು ಬಂದದ್ದು ಅದಕ್ಕೇ."

ಗಂಗಾಂಬಿಕಮ್ಮ ಮಗನ ಮುಂದೆ ಅಂಗೈ ಚಾಚಿದರು. ಉಸಿರಲ್ಲಿ ಒಂದೇ ಶಬ್ದ ಬಂತು.

"ಕೊಡು."

ವೈಭವ ಬಹಳ ಹೊತ್ತು ಆ ಅಂಗೈಯನ್ನೇ ನೋಡಿದರು. ಆಮೇಲೆ ಕಿಸೆಗೆ ಕೈ ಹಾಕಿ ಒಂದು ಪೆನ್‌ಡ್ರೈವ್ ತೆಗೆದರು.

"ಹಾಳು ಮಾಡಿದ್ನಿಲ್ಲೆ ಆಯಿ. ತೆಗ್ದು ಇದ್ರಲ್ಲಿ ಇಟ್ಗಂಡಿದ್ದಿ. ಏಳೂ ಹಾಡು, ಮಾತು, ಎಲ್ಲ ಒಂದೇ ಉದ್ದಕ್ಕೆ ಇತ್ತು. ಮಾತೊಂದ್ನ ಕತ್ತರಿಸೂಲೆ ಎಂಗೆ ಬಂತಿಲ್ಲೆ. ಹುಬ್ಬಳ್ಳಿಲಿ ಕತ್ತರಿಸಿ ತಂದು, ತಿರುಗಿ ಹಾಕವು ಹೇಳಿ ಇದ್ದಿ. ಇವತ್ತೇ ಕೇಳಸ್ತ ಹೇಳಿ ಎಂಗೆ ಗೊತ್ತಿತ್ತಿಲ್ಲೆ, ದಸರೆ ಮುಗಿಯವರೆಗೆ ಯಾರೂ ತೆಗೀತ್ವಿಲ್ಲೆ ಅಂದ್ಕಂಡಿ." ಪೆನ್‌ಡ್ರೈವನ್ನು ಅವರ ಅಂಗೈಯಲ್ಲಿಟ್ಟು, "ನಿನ್ನೆ ಮಧ್ಯಾಹ್ನ ಹಿಂದೆ ಸರ್ ಅಂತ ಸದ್ದಾತು. ಇಲಿ ಅಂದ್ಕಂಡಿ," ಎಂದರು.

"ಇಲಿ ಅಲ್ಲ," ಎಂದ ಆರಿಫ್. "ನಾನು ಜೋಡಿಸಿದ್ದು ಸರಿಯಾಗಿತ್ತು. ಅದರ ಸದ್ದು."

ಸೀತಾ ಉತ್ತರಪೂಜೆ ಮಾಡಿದಳು. ಹೂವು ತೆಗೆದಳು, ಒದ್ದೆ ಬಟ್ಟೆಯಲ್ಲಿ ಉಳಿದ ಗಂಧ ಒರೆಸಿದಳು. ಆರಿಫ್ ಸರ್ಫೇಸನ್ನು ಮೇಜಿನ ಮೇಲಿಟ್ಟು ತಂತಿ ಸಿಕ್ಕಿಸಿದ. ಭಟ್ಟರು ದನಿಯನ್ನು ಅದರ ಜಾಗದಲ್ಲಿ ಕೂರಿಸಿ ಹಾಡು ತೆರೆದರು. ಎಡಗಡೆಯ ಐದು ಗುಂಡಿಗಳು ಸರ್ ಎಂದು ಏರಿ ನಿಂತವು. ಕೆರಿಯಪ್ಪ ಮೊದಲನೆಯದನ್ನೇ ನೋಡುತ್ತಿದ್ದ. ಅದು ಎಲ್ಲಕ್ಕಿಂತ ಎತ್ತರದಲ್ಲಿತ್ತು.

ಗಂಗಾಂಬಿಕಮ್ಮನ ಹಳೆಯ ದನಿ ಕೋಣೆ ತುಂಬಿತು.

"ಈ ಹಾಡು ಯಂಗಳ ಮನೇದಲ್ಲ. ತ್ಯಾಗಲಿ ದ್ಯಾವಮ್ಮ ಹೇಳಿಕೊಟ್ಟಿದ್ದು. ನಟ್ಟಿ ಗದ್ದೆಲಿ ಅದು ಮುಂದೆ ಹೇಳ್ತಿತ್ತು, ಸಣ್ಣಕಿದ್ದಾಗ ಆನು ಗದ್ದೆ ಅಂಚಿನ ಹಾಳಿ ಮೇಲೆ ಕೂತು ಹಿಂದೆ ಹೇಳ್ತಿದ್ದಿ. ಅದ್ರ ಮಗ ಕೆರಿಯಪ್ಪ ಇನ್ನೂ ಇದ್ದ. ತಪ್ಪಿದ್ರೆ ಅವ ತಿದ್ದವು."

ಆಮೇಲೆ ಹಾಡು ಸುರುವಾಯಿತು.

ಏಳೂ ಮುಗಿಯುವವರೆಗೆ ಯಾರೂ ಏಳಲಿಲ್ಲ. ಮುಗಿದ ಮೇಲೆ ಗಂಗಾಂಬಿಕಮ್ಮ ಹುಬ್ಬು ಏರಿಸಿ ಕೆರಿಯಪ್ಪನನ್ನು ನೋಡಿದರು.

"ಮೂರನೇ ಹಾಡಲ್ಲಿ ಒಂದು ಸಾಲು ಬಿಟ್ಟೀರಿ ಅಮ್ಮ," ಎಂದ ಕೆರಿಯಪ್ಪ. "ಅವ್ವ ಅಲ್ಲಿ ಗುಬ್ಬಿ ಸಾಲು ಹೇಳ್ತಿದ್ಲು."

ಗಂಗಾಂಬಿಕಮ್ಮನಿಗೆ ಸದ್ದಿಲ್ಲದ ನಗು ಬಂತು. ಭಟ್ಟರತ್ತ ಕೈ ಮಾಡಿ, ಆಮೇಲೆ ಒಳಗಿನ ಮೈಕಿನತ್ತ ತೋರಿಸಿದರು. ಕೆರಿಯಪ್ಪ ಬೇಡ ಬೇಡ ಎಂದ. ಇಷ್ಟು ವರ್ಷ ಊರಿಗೆಲ್ಲ ಮೈಕ್ ಹಿಡಿದವನು ಅದರ ಮುಂದೆ ಒಂದು ದಿನವೂ ಬಾಯಿ ಬಿಟ್ಟವನಲ್ಲ. ಆದರೂ ಅವರು ಕೈ ಇಳಿಸಲಿಲ್ಲ.

ಮೊದಲು ಹೋದವರು ವೈಭವ, ಆ ಗುರುವಾರ ಮೂರು ಗಂಟೆಗೆ. ಆಮಂತ್ರಣದ ಕಟ್ಟು ಹಿಡಿದುಕೊಂಡು ಮುದ್ರಣದ ಅಂಗಡಿಗೆ ಹೋದರು, ಅದರ ಮೇಲಿನ ಹೆಸರು ಬದಲಿಸುವುದಕ್ಕೆ. ಸಂಜೆ ಆರಿಫ್ ಯಲ್ಲಾಪುರದ ದಾರಿ ಹಿಡಿದ. ಹೊರಡುವ ಮುಂಚೆ ಆರನೆಯ ಗುಂಡಿಗೆ ಹೊಸದೊಂದು ದನಿ ಹೊಂದಿಸಿ, ಕೆರಿಯಪ್ಪನ ಎದುರಿಗೆ ಮೈಕನ್ನು ಎರಡು ಬೆರಳು ತಗ್ಗಿಸಿ ಕೊಟ್ಟಿದ್ದ. ಗಂಗಾಂಬಿಕಮ್ಮ, ಕೆರಿಯಪ್ಪ ಇಬ್ಬರೂ ಆ ರಾತ್ರಿ ಭಟ್ಟರ ಮನೆಯಲ್ಲೇ ಉಳಿದರು. ಶುಕ್ರವಾರ ಬೆಳಗಿನ ಸಿದ್ದಾಪುರದ ಬಸ್ಸಿಗೆ ಕೆರಿಯಪ್ಪ ಹೊರಟ. ಅವನು ಹಾಡಿದ ಗುಬ್ಬಿ ಸಾಲು ಶಿರಸಿಯಲ್ಲೇ ಉಳಿಯಿತು.